ಗೇಟಿನ ಅಜ್ಜಿಗೆ ದನಿ ಕೊಟ್ಟವರು

ನವೆಂಬರ್ 2, 2025, ಭಾನುವಾರ

ಕಾರ್ಟೂನ್ ಕಂಪನಿ ನಮಗೆ ಕೊಟ್ಟ ಮಾತು ಇವು.

ಒಂದು: ಪ್ರತಿ ಸಂಚಿಕೆಯ ಕೊನೆಗೆ ದನಿ ಕೊಟ್ಟ ಎಲ್ಲರ ಹೆಸರೂ ಪರದೆಯ ಮೇಲೆ ಬರುತ್ತದೆ.
ಎರಡು: ನಮ್ಮ ಮಾತಿಗೆ ಬೆಂಗಳೂರಿನಲ್ಲಿ ಕೂತು ಯಾರೂ ಕತ್ತರಿ ಹಾಕುವುದಿಲ್ಲ.
ಮೂರು: ಮೊದಲ ಪ್ರದರ್ಶನ ಸೊರಬದಲ್ಲಿ, ನಮ್ಮ ಮಕ್ಕಳ ಮುಂದೆ.
ನಾಲ್ಕು: ಇಪ್ಪತ್ತಾರು ಸಂಚಿಕೆಗಳ ಒಂದು ಪ್ರತಿ ಬಳಗಕ್ಕೆ.

ಆದದ್ದು ಇದು. ಹೆಸರು ಬರಲಿಲ್ಲ. ಮೊದಲ ಸಂಚಿಕೆಯಲ್ಲೇ ಮೂರು ಕಡೆ ಕತ್ತರಿ ಬಿದ್ದಿದೆ. ಪ್ರದರ್ಶನ ನಡೆಯಲಿಲ್ಲ. ಪ್ರತಿ ಬಂದಿಲ್ಲ. ಸಂಭಾವನೆ ಕೊಟ್ಟರು, ಅದರ ತಕರಾರು ನನಗಿಲ್ಲ. ಕೂಲಿ ಕೈಗಿಟ್ಟು ಹೆಸರು ಅಳಿಸುವುದು ಧಣಿಗಳ ಹಳೆಯ ಪದ್ಧತಿ. ಈಗಿನ ಧಣಿಗೆ ಗದ್ದೆ ಇಲ್ಲ, ಚಾನೆಲ್ ಇದೆ, ಅಷ್ಟೇ ವ್ಯತ್ಯಾಸ.

ನಿನ್ನೆ ರಾಜ್ಯೋತ್ಸವ. ಸಂಜೆ ಐದೂವರೆಗೆ ಮಕ್ಕಳ ಚಾನೆಲ್ಲಿನಲ್ಲಿ ‘ಗೇಟಿನ ಅಜ್ಜಿ’ ಶುರುವಾಯಿತು. ಜಪಾನಿನವರು 1978ರಲ್ಲಿ ಮಾಡಿದ ಕಾರ್ಟೂನ್ ಸರಣಿ. ಸಣ್ಣ ಸ್ಟೇಷನ್ನಿನ ಪಕ್ಕ ರೈಲ್ವೆ ಗೇಟು ಇಳಿಸಿ ಏರಿಸುವ ಒಬ್ಬ ಮುದುಕಿ. ಗೇಟು ಬಿದ್ದಾಗ ನಿಂತವರ ಜೊತೆ ಅವಳ ಮಾತು. ರೈಲು ಹೋಗುತ್ತದೆ, ನಿಂತವರೂ ಹೋಗುತ್ತಾರೆ. ಅಷ್ಟೇ ಕಥೆ. ಅದಕ್ಕೆ ಕನ್ನಡ ಮಾತು ಬರೆದವನು ನಾನು. ದನಿ ಕೊಟ್ಟವರು ನಮ್ಮ ಕೆಂಡ ಬಳಗದ ಮೂವರು. ಒಂದು ಕಾಲಕ್ಕೆ ಎರಡು ತಾಲೂಕಿನಲ್ಲಿ ಬೀದಿನಾಟಕ ಆಡಿ ಲಾಠಿ ತಿಂದ ಬಳಗ. ಆಗ ನಲವತ್ತು ಜನ ಇದ್ದೆವು.

ನಿನ್ನೆ ಸೊರಬದಲ್ಲಿ ಸುಬ್ಬಪ್ಪನ ಮೈಕ್‌ಸೆಟ್ ಗೋದಾಮಿನಲ್ಲಿ ಕೂತು ನೋಡಿದೆವು. ದನಿ ತುಂಬಿದ್ದೂ ಅಲ್ಲೇ. ಗೋಡೆಗೆ ಶಾಮಿಯಾನದ ಬಟ್ಟೆ, ಮದುವೆಮನೆಯ ಗಾದಿ ನೇತುಹಾಕಿ ಮಾರ್ಚಿನಿಂದ ಜುಲೈವರೆಗೆ. ಸ್ಟೇಷನ್ ಮಾಸ್ತರ ಸುಬ್ಬಪ್ಪ. ಶಿಕಾರಿಪುರದ ಕಡೆಯ ತಾಂಡಾದ ಸಾವಿತ್ರಿಬಾಯಿ ಉಳಿದೆಲ್ಲ ಹೆಂಗಸರು, ಮಕ್ಕಳು ಮತ್ತು ಒಂದು ಮೇಕೆ. ಅಜ್ಜಿ ಮಾತ್ರ ಕುಬಟೂರಿನ ಗುಡ್ಡಮ್ಮ.

ಗುಡ್ಡಮ್ಮನಿಗೆ ಎಪ್ಪತ್ತೆರಡು. ನಾಟಕದಲ್ಲಿ ಯಾವಾಗಲೂ ಸಾಹುಕಾರನ ಪಾತ್ರ ಅವಳದೇ, ಮೀಸೆ ಬರೆದುಕೊಂಡು. ಓದು ಬರುವುದಿಲ್ಲ. ನಾನು ಕಿವಿಯಲ್ಲಿ ಸಾಲು ಹೇಳುತ್ತಿದ್ದೆ, ಅವಳು ಅದನ್ನು ತನ್ನದು ಮಾಡಿ ಆಡುತ್ತಿದ್ದಳು. ಒಂದೇ ಒಂದು ಪದ ಓದುತ್ತಾಳೆ, ಬರೆಯುತ್ತಾಳೆ. ತೊಂಬತ್ತೊಂದರ ಸಾಕ್ಷರತೆ ಜಾಥಾದಲ್ಲಿ ನಾನೇ ಕಲಿಸಿದ್ದು, ಅವಳ ಹೆಸರು. ಅದಾದ ಮೇಲೆ “ಸಾಕು ಬಿಡು, ಹೆಬ್ಬೆಟ್ಟು ತಪ್ಪಿತಲ್ಲ” ಎಂದು ನಾಟಿಗೆ ಹೋದವಳು ಮತ್ತೆ ಸ್ಲೇಟು ಮುಟ್ಟಲಿಲ್ಲ.

ನಿನ್ನೆ ಕೊನೆಯಲ್ಲಿ ಹೆಸರುಗಳು ಮೇಲೇರತೊಡಗಿದಾಗ ಗುಡ್ಡಮ್ಮ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂತಳು.

“ಬಂತೇನೋ ಗುತ್ಯಾ?”

“ಇನ್ನೂ ಇಲ್ಲ ಅಕ್ಕಾ.”

“ಈಗ?”

ಸೋಪಿನ ಜಾಹೀರಾತು ಬಂತು.

‘ಕನ್ನಡ ದನಿ: ಕೆಂಡ ಬಳಗ’ ಎಂಬ ಒಂದು ಸಾಲು ಓಡಿಹೋಗಿತ್ತು. ಅಷ್ಟೇ.

“ಕಂಪನಿಯವರು ನುಂಗಿದ್ರು,” ಅಂದೆ.

ಗುಡ್ಡಮ್ಮ ಸೆರಗಿನಿಂದ ಟೀವಿಯ ಗಾಜು ಒರೆಸಿದಳು.

ಬಿಡುವುದಿಲ್ಲ. ಹೋರಾಟ ಶುರು.

ನವೆಂಬರ್ 4, ಮಂಗಳವಾರ

ಹಕ್ಕೊತ್ತಾಯ ಬರೆದೆ. ಮನವಿ ಎಂಬ ಪದ ಹೊಡೆದುಹಾಕಿದೆ. ಬೇಡುವವರು ಮನವಿ ಬರೆಯಲಿ. ಕಂಪನಿಯ ಕೆಲಸ ನೋಡುವ ಅರ್ಚಿತಾ ಎಂಬ ಹುಡುಗಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಆಕೆ ಸೊರಬದ ಕಡೆಯವಳೇ. ಶಾಲೆಗೆ ಹೋಗುವಾಗ ಗುಡ್ಡಮ್ಮನ ಹಾಡು ಕೇಳಿದ್ದನ್ನು ನೆನಪಿಟ್ಟುಕೊಂಡು ನಮ್ಮನ್ನು ಹುಡುಕಿಕೊಂಡು ಬಂದಳು. ಬಂದು ಏನಾಯಿತು? ಕಂಪನಿಯ ಸಂಬಳ ತಿನ್ನುವವರು ಕಂಪನಿಯ ಮಾತೇ ಆಡುತ್ತಾರೆ.

ಒಂದು ವಿಷಯ ಬರೆದಿಡುತ್ತೇನೆ. ಈ ಕಾರ್ಟೂನುಗಳ ಮೇಲೆ ನನಗೆ ಮೋಹವಿಲ್ಲ. ಕಂಪನಿ ಐದು ದೇಶಗಳ ಹಳೆಯ ಸರಣಿಗಳನ್ನು ಕೊಂಡಿದೆ, ಎಲ್ಲವೂ ಎಪ್ಪತ್ತೇಳರಿಂದ ಎಪ್ಪತ್ತೊಂಬತ್ತರೊಳಗಿನವು. ಹಂಗೇರಿಯ ಬೆಕ್ಕಿನ ಸಂಸಾರ, ಯಾವಾಗ ನೋಡಿದರೂ ಯಾವುದೋ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಕೆನಡಾದ ಹಿಮದಲ್ಲಿ ಅಂಚೆ ಹಂಚುವ ಕರಡಿ. ಅರ್ಜೆಂಟೀನಾದ ಕುದುರೆ, ಯಾರನ್ನೂ ಬೆನ್ನ ಮೇಲೆ ಕೂರಿಸದ್ದು. ಈಗ ಭೂಪಟದಲ್ಲೇ ಇಲ್ಲದ ಚೆಕೊಸ್ಲೊವಾಕಿಯದ ಮೂಕ ದರ್ಜಿ, ಅವನಿಗೆ ಬರೀ ಹ್ಞೂಂ, ಹ್ಞಾಂ. ಮತ್ತೆ ಈ ಜಪಾನಿನ ಅಜ್ಜಿ. ಅಲ್ಲಿನ ಮಕ್ಕಳು ಇವನ್ನು ನೋಡುತ್ತಿದ್ದಾಗ ನಮ್ಮ ತಾಲೂಕಿನಲ್ಲಿ ಟೀವಿಯೇ ಇರಲಿಲ್ಲ. ನನಗೆ ಹತ್ತೊಂಬತ್ತು. ಅಂಬ್ಲಿಗೊಳ ಜಲಾಶಯದ ನೀರು ಕಾಲುವೆಯ ಕೊನೆಯವರಿಗೂ ಮುಟ್ಟಲಿ ಎಂದು ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದೆ. ಜಗತ್ತಿನ ಮಕ್ಕಳು ನೋಡಿ ಅಜ್ಜ ಅಜ್ಜಿಯರಾದ ಮೇಲೆ ನಮ್ಮ ಪಾಲು ಬಂದಿದೆ. ನಲವತ್ತೇಳು ವರ್ಷ ತಡ.

ಒಂದನ್ನು ಮಾತ್ರ ಒಪ್ಪುತ್ತೇನೆ. ಆಗ ಕಂಪ್ಯೂಟರ್ ಇಲ್ಲ. ಅಜ್ಜಿ ಒಮ್ಮೆ ಕೈಯೆತ್ತಬೇಕಾದರೆ ಹತ್ತಾರು ಹಾಳೆ ಬರೆದು ಹತ್ತಾರು ಹಾಳೆಗೆ ಬಣ್ಣ ತುಂಬಬೇಕು. ಜಪಾನಿ ಸಂಚಿಕೆಯ ಕೊನೆಗೆ ಉದ್ದಕ್ಕೆ ಹೆಸರು ಏರುವುದನ್ನು ಕಂಡು ಅರ್ಚಿತಾಳನ್ನು ಕೇಳಿದ್ದೆ. “ಬಣ್ಣ ಹಚ್ಚಿದ ಹೆಂಗಸರು ಸರ್, ಹದಿನಾಲ್ಕು ಜನ” ಅಂದಿದ್ದಳು. ಹದಿನಾಲ್ಕೂ ಹೆಸರು ಇದ್ದವು. ನಮ್ಮವರು ಮೂವರು, ಆ ಮೂರಕ್ಕೆ ಇವರಲ್ಲಿ ಜಾಗವಿಲ್ಲ.

ಶಿಕಾರಿಪುರದ ನನ್ನ ಅಚ್ಚುಕೂಟ ಮುಚ್ಚಿ ಒಂಬತ್ತು ವರ್ಷ. ಶಟರಿನ ಹಿಂದಿನ ಕೋಣೆಯಲ್ಲಿ ನಾನು. ಮದುವೆಯಾಗಲಿಲ್ಲ, ಪುರುಸೊತ್ತು ಇರಲಿಲ್ಲ. ಜುಲೈನಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ಸೊರಬಕ್ಕೂ ಹೋಗಿರಲಿಲ್ಲ. ಕೆಲಸವಿರಲಿಲ್ಲ.

ಮಧ್ಯಾಹ್ನ ಒಂದಕ್ಕೆ ಮರುಪ್ರಸಾರ ಇದೆ. ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿದೆ. ಕತ್ತರಿ ಬಿದ್ದ ಜಾಗ ಗುರುತು ಹಾಕಿಕೊಳ್ಳಬೇಕಲ್ಲ.

ನವೆಂಬರ್ 6, ಗುರುವಾರ

ಇವತ್ತು ಎರಡು ಕತ್ತರಿ. ಯಾರೂ ಫೋನ್ ಮಾಡಲಿಲ್ಲ.

ನವೆಂಬರ್ 9, ಭಾನುವಾರ

ಹನ್ನೊಂದಕ್ಕೆ ಸಭೆ ಎಂದಿದ್ದೆ. ಒಂಬತ್ತೂವರೆಗೇ ಸೊರಬ ತಲುಪಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಚಹಾ ಕುಡಿದೆ.

ಧರಣಿ ಕೂರಬೇಕು ಎಂದು ನಿರ್ಣಯ ಮಂಡಿಸಿದೆ. ಸುಬ್ಬಪ್ಪ ಕೂತಲ್ಲೇ ಹಾರ್ನಿಗೆ ತಂತಿ ಸುತ್ತುತ್ತಿದ್ದ.

“ಧರಣಿ ಸರಿ ಮಾರಾಯ. ಯಾರ ಮುಂದೆ? ಕಂಪನಿ ಬೆಂಗಳೂರಲ್ಲಿ. ನಾವು ಟೀವಿ ಮುಂದೆ ಕೂರಾದಾ?”

“ಅದನ್ನ ದಿನಾ ಮಾಡ್ತಾ ಇದೀವಲ್ಲ,” ಎಂದಳು ಗುಡ್ಡಮ್ಮ.

ಸಾವಿತ್ರಿಬಾಯಿ ನಗಲಿಲ್ಲ. “ಅಣ್ಣಾ, ನಮ್ ತಾಂಡಾದಾಗ ಯಾರೂ ನಂಬ್ತಿಲ್ರಿ. ಆ ಮೇಕಿ ನಾನೇ ಅಂದ್ರೆ, ಹೌದೌದು ನೀನು ಮೇಕಿನೇ ಅಂತಾರ. ಹೆಸ್ರು ಎಲ್ಲೈತಿ ತೋರ್ಸು ಅಂತಾರ. ಬಳಗ ಅಂದ್ರೆ ಯಾರ್ರಿ? ನಾನಾ? ನೀವಾ?”

“ಬಳಗ ಅಂದರೆ ನಾವೆಲ್ಲ,” ಅಂದೆ.

“ಎಂಬತ್ನಾಲ್ಕರಲ್ಲಿ ಪೋಸ್ಟರ್ ಕೆಳಗೆ ನನ್ನ ಹೆಸ್ರು ಹಾಕ್ಕಂಡೆ ಅಂತ ಮೂರು ತಾಸು ಸಭೆ ಮಾಡಿ ನನ್ನ ಕೈಲಿ ತಪ್ಪಾಯ್ತು ಅನ್ನಿಸಿದ್ಯಲ್ಲ,” ಎಂದ ಸುಬ್ಬಪ್ಪ, ತಂತಿಯಿಂದ ಕಣ್ಣೆತ್ತದೆ. “ಈಗ ಹೆಸ್ರು ಬೇಕು ಅಂತ ಧರಣಿ. ಕಾಲ ಕೆಟ್ಟೋತು ಕಾಮ್ರೇಡ್.”

ಅದು ಬೇರೆ, ಇದು ಬೇರೆ ಎಂದು ವಿವರಿಸಿದೆ. ಅಂದು ಅವನು ಸಾಮೂಹಿಕ ದುಡಿಮೆಯನ್ನು ತನ್ನದು ಎಂದುಕೊಂಡಿದ್ದ. ಇಂದು ಬಂಡವಾಳ ನಮ್ಮ ದುಡಿಮೆಯನ್ನು ಅನಾಮಧೇಯ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಗುಡ್ಡಮ್ಮ ಗಾದಿಗೆ ಒರಗಿ ತೂಕಡಿಸಿದಳು.

ತಾಲೂಕು ಕಚೇರಿಯ ಮುಂದೆ ಕೂರುವುದೆಂದು ತೀರ್ಮಾನವಾಯಿತು. ಎಲ್ಲ ಹೋರಾಟವೂ ಅಲ್ಲಿಂದಲೇ ಶುರುವಾಗಿದ್ದಲ್ಲವೆ.

ನವೆಂಬರ್ 17, ಸೋಮವಾರ

ಕೂತೆವು. ನಾಲ್ಕು ಜನ, ಒಂದು ಬ್ಯಾನರು, ಸುಬ್ಬಪ್ಪನ ಮೈಕು. ಗುಡ್ಡಮ್ಮ ಹಾಡಿದಾಗ ಪಹಣಿಗೆ ಸಾಲು ನಿಂತವರೆಲ್ಲ ತಿರುಗಿ ನೋಡಿದರು. ಸಾವಿತ್ರಿಬಾಯಿ ಮೈಕಿನಲ್ಲಿ ಮೇಕೆಯಂತೆ ಕೂಗಿ, “ಈಗಾದ್ರೂ ನಂಬ್ತೀರೇನ್ರೀ?” ಅಂದಳು. ಒಬ್ಬ ಹೆಂಗಸು ಕಂಕುಳಲ್ಲಿದ್ದ ಮಗುವಿಗೆ “ನೋಡು, ಟೀವಿ ಮೇಕೆ” ಎಂದು ತೋರಿಸಿದಳು.

ಹನ್ನೆರಡಕ್ಕೆ ಒಳಗಿಂದ ಗುಮಾಸ್ತರು ಬಂದರು. ಒಳ್ಳೆಯ ಮನುಷ್ಯ. ಹಕ್ಕೊತ್ತಾಯ ಎರಡು ಸಲ ಓದಿದರು.

“ಯಜಮಾನ್ರೇ, ಇದು ಯಾವ ಶಾಖೆಗೆ ಬರುತ್ತೆ? ಪೋಡಿನಾ, ಖಾತೆನಾ?”

“ಕಾರ್ಟೂನು,” ಅಂದೆ.

“ಅದಕ್ಕೆ ನಮ್ಮಲ್ಲಿ ಶಾಖೆ ಇಲ್ಲ ರೀ.”

“ಶಾಖೆ ಇಲ್ಲದಿದ್ದರೆ ತೆರೆಯಿರಿ!” ಎಂದು ಘೋಷಣೆ ಕೂಗಿದೆ. ಅಭ್ಯಾಸಬಲ. ಸುಬ್ಬಪ್ಪ ಮೈಕು ಆರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಮಾಸ್ತರೂ ನಕ್ಕರು. ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟು, ಮನೆಯಲ್ಲಿ ಮಗಳು ದಿನಾ ಗೇಟಿನ ಅಜ್ಜಿ ನೋಡುತ್ತಾಳೆ ಅಂದರು. ಗುಡ್ಡಮ್ಮ ತಟ್ಟನೆ ಅವರ ಕೈ ಹಿಡಿದಳು. “ಅಜ್ಜಿ ಹೆಸ್ರೇನಂತೆ? ಮಗಳು ಓದಿದಾಳಾ?”

ಅವರು ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದರು.

ಬಹಳ ಯಶಸ್ವಿ ದಿನ. ಮೂವತ್ತು ವರ್ಷದ ಮೇಲೆ ಗಂಟಲು ಕಟ್ಟಿದೆ.

ನವೆಂಬರ್ 20, ಗುರುವಾರ

ಕೊರಿಯರಿನವನು ಶಟರು ಬಡಿದ. ಅರ್ಚಿತಾಳ ಪತ್ರ. ಇಲ್ಲಿ ಇಳಿಸಿಕೊಳ್ಳುತ್ತೇನೆ.

“ಸರ್, ಕತ್ತರಿ, ಪ್ರದರ್ಶನ, ಪ್ರತಿ, ಈ ಮೂರೂ ನಮ್ಮ ತಪ್ಪು. ಕ್ಷಮಿಸಿ. ಪ್ರತಿ ಈ ತಿಂಗಳೇ ಕಳಿಸುತ್ತೇವೆ. ಹೆಸರಿನ ವಿಷಯಕ್ಕೆ ನೀವು ತುಂಬಿ ಕೊಟ್ಟ ನಮೂನೆಯ ನಕಲು ಲಗತ್ತಿಸಿದ್ದೇನೆ. ದನಿ ಕೊಟ್ಟವರ ಹೆಸರು ಎಂಬ ಜಾಗದಲ್ಲಿ ನೀವು ಬರೆದಂತೆಯೇ ಹಾಕಿದ್ದೇವೆ. ಒಬ್ಬೊಬ್ಬರ ಹೆಸರು ಬೇಕೆಂದರೆ ಸಂತೋಷ. ಜೊತೆಗಿರುವ ಹೊಸ ನಮೂನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯಾರೆ ಸಹಿ ಮಾಡಿ ಡಿಸೆಂಬರ್ 15ರೊಳಗೆ ಕಳಿಸಲಿ, ಫೋಟೋ ತೆಗೆದು ಕಳಿಸಿದರೂ ಸಾಕು. ಜನವರಿಯಿಂದ ಎಲ್ಲ ಸಂಚಿಕೆಗೂ ಹೆಸರು ಬರುತ್ತದೆ. ಆ ದಿನ ದಾಟಿದರೆ ಮತ್ತೆ ಬದಲಾಯಿಸಲು ಆಗುವುದಿಲ್ಲ.”

ನಮೂನೆಯ ನಕಲು ನೋಡಿದೆ. ‘ಕೆಂಡ ಬಳಗ, ಶಿಕಾರಿಪುರ–ಸೊರಬ.’ ಕೈಬರಹ ನನ್ನದೇ.

ಸರಿ, ಬರೆದಿದ್ದೇನೆ. ನಲವತ್ತು ವರ್ಷ ಪ್ರತಿ ಕರಪತ್ರದ ಕೆಳಗೆ ಏನು ಬರೆದೆನೋ ಅದನ್ನೇ ಬರೆದಿದ್ದೇನೆ. ಅದರಲ್ಲಿ ತಪ್ಪೇನು? ಹೆಸರು ಹಾಕುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದವರು ನಮೂನೆ ಕಂಡಾಗ ಕೇಳಬೇಕಿತ್ತು. ಈಗ ಒಬ್ಬೊಬ್ಬರ ಸಹಿ ಬೇರೆ ಬೇರೆ ಕೇಳುವುದು ಸಂಘಟನೆಯನ್ನು ಒಡೆಯುವ ಉಪಾಯ. ಇಂಥ ಉಪಾಯ ಎಷ್ಟು ನೋಡಿಲ್ಲ ನಾನು!

ಸದ್ಯಕ್ಕೆ ಬಹಿರಂಗ ಮಾಡುವುದಿಲ್ಲ. ಇದು ತಂತ್ರದ ಪ್ರಶ್ನೆ. ಅಚ್ಚುಮೊಳೆ ಇಡುತ್ತಿದ್ದ ಖಾಲಿ ಮರದ ಖಾನೆಯಲ್ಲಿ ಪತ್ರ ಇಟ್ಟಿದ್ದೇನೆ.

ಭಾನುವಾರ ಸಭೆ ಇದೆ.

ನವೆಂಬರ್ 23, ಭಾನುವಾರ

ಇಂಥ ಸಭೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಸಾವಿತ್ರಿಬಾಯಿ ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಗುಡ್ಡಮ್ಮ ಸೀರೆಯ ಗಂಟಿನಲ್ಲಿ ಹುರಿದ ಅವರೆಕಾಳು ತಂದಿದ್ದಳು. ಗಾದಿ ಹಾಸಿ ಸುತ್ತ ಕೂತೆವು. ನಮ್ಮ ನಾಟಕ ಕಟ್ಟುತ್ತಿದ್ದದ್ದೂ ಹೀಗೇ, ದುಂಡಗೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು. ಕೊನೆಗೆ ಯಾವ ಮಾತು ಯಾರದೆಂದು ಕೇಳಿದರೆ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಸುಬ್ಬಪ್ಪ ಇದ್ದಕ್ಕಿದ್ದಂತೆ ಸ್ಟೇಷನ್ ಮಾಸ್ತರನಾದ. “ಅಜ್ಜೀ, ಗಾಡಿ ಬರಾಕೆ ಇನ್ನೂ ಹೊತ್ತಿದೆ, ಗೇಟು ಯಾಕೆ ಇಳ್ಸಿದಿ?”

ಗುಡ್ಡಮ್ಮ ರೊಟ್ಟಿ ಅಗಿಯುತ್ತಲೇ ಎತ್ತಿಕೊಂಡಳು. “ಆಚೆ ದಾಟಿ ಹೋದ್ರೆ ನೀವ್ಯಾರು ನನ್ ಹತ್ರ ಮಾತಾಡ್ತೀರಿ?”

ಆ ಸಾಲು ನಾನು ಬರೆದದ್ದಲ್ಲ. ಜಪಾನಿಯಲ್ಲೂ ಇಲ್ಲ. ಅವಳೇ ಕಟ್ಟಿದ್ದು, ಆರನೇ ಸಂಚಿಕೆಯಲ್ಲಿ, ಬಾಯಿ ಆಡುವುದಕ್ಕೆ ಸರಿಹೊಂದಿತೆಂದು ಉಳಿಸಿಕೊಂಡೆವು. ಎಲ್ಲರೂ ನಕ್ಕರು. ನನಗೆ ಯಾಕೋ ನಗು ಬರಲಿಲ್ಲ. ಚಟ್ನಿ ಖಾರ ಇತ್ತು.

ಸಾವಿತ್ರಿಬಾಯಿ ಕೇಳಿದಳು. “ಕಂಪನಿಯವ್ರ ಉತ್ತರ ಬಂತೇನ್ರಿ ಅಣ್ಣಾ?”

“ಅವರು ಅಷ್ಟು ಬೇಗ ಬಗ್ಗುವವರಲ್ಲ,” ಅಂದೆ. ಇದರಲ್ಲಿ ಸುಳ್ಳಿಲ್ಲ.

ನಿರ್ಣಯ: ಹೋರಾಟ ಮುಂದುವರಿಸುವುದು. ಪ್ರತಿ ಭಾನುವಾರ ತಪ್ಪದೆ ಸೇರುವುದು. ಸೂಚಿಸಿದವನು ನಾನು.

ನವೆಂಬರ್ 26, ಬುಧವಾರ

ಸಂಜೆ ಇಪ್ಪತ್ತಾರನೆಯ ಸಂಚಿಕೆ. ರೈಲ್ವೆಯವರು ಮೇಲ್ಸೇತುವೆ ಕಟ್ಟುತ್ತಾರೆ, ಗೇಟು ಬೇಡವಾಗುತ್ತದೆ. ಅಜ್ಜಿ ಗೇಟಿನ ಕೋಲಿಗೆ ಬಟ್ಟೆ ಒಣಗಹಾಕುತ್ತಾಳೆ.

ರಾತ್ರಿ ತಟ್ಟೆಯಲ್ಲಿ ಅನ್ನ ಉಳಿಯಿತು. ನಾಳೆಯಿಂದ ಮೊದಲಿಂದ ಹಾಕುತ್ತಾರಂತೆ. ಒಳ್ಳೆಯದು. ಕತ್ತರಿಗಳನ್ನು ಇನ್ನೊಮ್ಮೆ ಎಣಿಸಬಹುದು.

ನವೆಂಬರ್ 30, ಭಾನುವಾರ

ಸುಬ್ಬಪ್ಪನಿಗೆ ಮದುವೆ ಸೀಜನ್ನು. ಗೋದಾಮಿನಲ್ಲಿ ನಿಂತುಕೊಂಡೇ ಮಾತಾಡಿದ. ಗಾದಿಗಳೆಲ್ಲ ಯಾವುದೋ ಛತ್ರಕ್ಕೆ ಹೋಗಿದ್ದವು. ಸಿಮೆಂಟು ನೆಲದ ಮೇಲೆ ಕೂತೆವು, ಮಾತು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಪರಿಸ್ಥಿತಿಯ ವಿಶ್ಲೇಷಣೆ ಮಂಡಿಸಿದೆ.

“ವಿಶ್ಲೇಷಣೆ ಇರ್ಲಿ ಅಣ್ಣಾ,” ಎಂದಳು ಸಾವಿತ್ರಿಬಾಯಿ. “ಒಂದ್ ಫೋನ್ ಹಚ್ಚಿ ಆ ಹುಡ್ಗಿನ್ನ ಕೇಳ್ಬಾರ್ದಾ?”

“ಹೋರಾಟ ಫೋನಿನಲ್ಲಿ ನಡೆಯುವುದಿಲ್ಲ.”

“ನಾವು ಬಸ್ಸಿನಾಗ ಬಂದು ಇಲ್ಲಿ ಕೂತ್ರೂ ನಡೀತಿಲ್ಲಲ್ರಿ.”

ಗುಡ್ಡಮ್ಮ ಹೊರಡುವಾಗ ಬ್ಯಾನರಿನ ಮುಂದೆ ನಿಂತು ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಏನಕ್ಕಾ ಎಂದರೆ ಏನಿಲ್ಲ ಅಂದಳು.

ಡಿಸೆಂಬರ್ 3, ಬುಧವಾರ

ಅರ್ಚಿತಾ ಫೋನ್ ಮಾಡಿದ್ದಳು.

“ಸರ್, ಪತ್ರ ಸಿಕ್ತಾ? ಕೊರಿಯರ್‌ನೋರು ಮುಟ್ಟಿಸಿದೀವಿ ಅಂತಾರೆ.”

“ಬಳಗದಲ್ಲಿ ಚರ್ಚೆಯಾಗಬೇಕು.”

“ಮೂರು ಸಹಿ ಸರ್. ಹದಿನೈದು ದಾಟಿದ್ರೆ ನನ್ ಕೈಲೂ ಏನೂ ಮಾಡಕ್ಕಾಗಲ್ಲ. ಗುಡ್ಡಮ್ಮಜ್ಜಿ ಹೆಸ್ರು ಬರ್ಬೇಕು ಅಂತ ನಂಗೂ ಆಸೆ ಇದೆ. ನಾನೇ ಅವ್ರ ಮನೆಗೆ ಫೋನ್ ಮಾಡ್ಲಾ?”

“ಬೇಡ,” ಅಂದೆ. ಗಟ್ಟಿಯಾಗಿ ಅಂದೆನೆಂದು ಕಾಣುತ್ತದೆ. ನಾಯಕತ್ವವನ್ನು ದಾಟಿ ನೇರ ಕಾರ್ಯಕರ್ತರ ಬಳಿ ಹೋಗುವುದು ಶುದ್ಧ ಮಾಲೀಕರ ಬುದ್ಧಿ.

ನಾಯಕತ್ವ ಎಂದು ಬರೆದದ್ದನ್ನು ಹೊಡೆದುಹಾಕಲು ಹೋಗಿ ಬಿಟ್ಟೆ. ಇರಲಿ.

ಡಿಸೆಂಬರ್ 7, ಭಾನುವಾರ

ಸಭೆಗೆ ಯಾರೂ ಬರಲಿಲ್ಲ. ಸುಬ್ಬಪ್ಪ ಮದುವೆಗೆ. ಸಾವಿತ್ರಿಬಾಯಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಗುಡ್ಡಮ್ಮನ ಸುದ್ದಿಯೇ ಇಲ್ಲ. ಬೀಗ ಹಾಕಿದ ಗೋದಾಮಿನ ಮುಂದೆ ಒಂದು ಗಂಟೆ ಕಾದು ಆನವಟ್ಟಿ ಬಸ್ಸು ಹತ್ತಿ, ಅಲ್ಲಿಂದ ಕುಬಟೂರಿಗೆ ಹೋದೆ. ಅನುಮತಿಯಿಲ್ಲದ ಗೈರುಹಾಜರಿಯನ್ನು ವಿಚಾರಿಸಬೇಕಿತ್ತು.

ಸೊಸೆ ಬಾಗಿಲು ತೆಗೆದಳು. ಊಟಕ್ಕೆ ಏಳಿ ಅಂದಳು. ಊಟವಾಗಿದೆ ಎಂದು ಸುಳ್ಳು ಹೇಳಿದೆ. ಅವಳು ನನ್ನ ಮುಖ ನೋಡಿ ಬಡಿಸಿಯೇ ಬಿಟ್ಟಳು.

“ಅತ್ತೆಗೆ ಎರಡು ವಾರದಿಂದ ಒಂಥರಾ ಆಗಿದೆ,” ಎಂದಳು ಮೆಲ್ಲಗೆ. “ನೀವೇ ಮಾತಾಡ್ಸಿ.”

ಗುಡ್ಡಮ್ಮ ಹಿತ್ತಿಲಲ್ಲಿದ್ದಳು. ಕೈಯಲ್ಲಿ ಇದ್ದಿಲಿನ ಚೂರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳ ಹೆಸರು, ಒಂದರ ಕೆಳಗೊಂದು, ಹತ್ತು ಹನ್ನೆರಡು ಸಲ.

“ಬಾ. ನೋಡಿಲ್ಲಿ. ಇದು ಸರಿ ಇದೆಯೇನೋ?”

“ಸರಿ ಇದೆಯಕ್ಕಾ.”

“ಸರಿ ನೋಡು. ಸುಳ್ ಹೇಳ್ಬೇಡ.”

“ಸರಿಯಾಗಿದೆ. ಯಾಕೆ?”

ಅವಳು ಇದ್ದಿಲಿನ ಚೂರನ್ನು ಕಲ್ಲಿನ ಅಂಚಿಗಿಟ್ಟಳು. “ದಿನಾ ಸಂಜೆ ನೋಡ್ತೀನಿ ಕಣೋ. ಕೊನೇಲಿ ಸಾಲು ಏರ್ತಾವಲ್ಲ, ಆಗ. ಇವತ್ ಬರ್ತದೆ, ನಾಳೆ ಬರ್ತದೆ ಅಂತ. ಇಷ್ಟ್ ದಿನ ಆತು. ನೀನು ಇಷ್ಟ್ ಹೋರಾಟ ಮಾಡಿದ್ ಮೇಲೆ ಅವ್ರು ಹಾಕೇ ಇರ್ತಾರೆ. ನನಗೇ ಕಾಣ್ತಿಲ್ಲ. ಅಕ್ಷರ ಮರ್ತೋಗಿದೆ ಅನ್ನಿಸ್ತು. ಅದಕ್ಕೇ ಬರೆದು ಬರೆದು ನೋಡ್ತಿದೀನಿ. ಇದ್ದಿದ್ದೇ ಒಂದು ಪದ. ಅದೂ ಹೋತಲ್ಲ ಅಂತ ಸಭೆಗೆ ಬರಾಕೆ ನಾಚ್ಕೆ ಆತು.”

ಐದೂವರೆಗೆ ಟೀವಿ ಹಾಕಿದರು. ಹನ್ನೊಂದನೆಯ ಸಂಚಿಕೆ. ಅವಳ ದನಿ ಟೀವಿಯಿಂದ ಬರುತ್ತಿತ್ತು, ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕೊನೆಗೆ ಸಾಲುಗಳು ಏರಿದವು. ಅವಳು ಟೀವಿಯ ಹತ್ತಿರ ಹೋಗಲಿಲ್ಲ. ನನ್ನ ಮುಖ ನೋಡಿದಳು.

“ಬಂತಾ?”

ಹೇಳಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಡಿಸೆಂಬರ್ 8, ಸೋಮವಾರ

ಏನೂ ಬರೆಯುವುದಿಲ್ಲ.

ಡಿಸೆಂಬರ್ 10, ಬುಧವಾರ

ಒಂದು ದಾರಿ ಹೊಳೆಯಿತು. ಮೂವರ ಸಹಿ ಹೇಗಾದರೂ ಪಡೆದು ಸದ್ದಿಲ್ಲದೆ ಅರ್ಚಿತಾಳಿಗೆ ಕಳಿಸುವುದು. ಜನವರಿಯಲ್ಲಿ ಹೆಸರು ಬರುತ್ತದೆ. ಕಂಪನಿ ಮಣಿಯಿತು, ಹೋರಾಟಕ್ಕೆ ಜಯ ಎಂದು ಹೇಳುವುದು. ಕರಪತ್ರದ ಕರಡೂ ಬರೆದೆ: ‘ಬಂಡವಾಳ ಬಾಗಿತು! ಕೆಂಡ ಬಳಗಕ್ಕೆ ಐತಿಹಾಸಿಕ ಗೆಲುವು!’ ಅಕ್ಷರ ಎಷ್ಟು ದಪ್ಪ ಇರಬೇಕೆಂದೂ ಗುರುತು ಮಾಡಿದೆ.

ಸುಬ್ಬಪ್ಪ, ಸಾವಿತ್ರಿಬಾಯಿ ನಮೂನೆ ಓದುತ್ತಾರೆ, ಮೇಲೆ ನವೆಂಬರಿನ ತಾರೀಕಿದೆ. ಅವರಿಗೆ ಏನಾದರೂ ಹೇಳಬಹುದು. ಓದಲು ಬಾರದವಳು ಒಬ್ಬಳೇ. ಇಲ್ಲಿ ಸಹಿ ಮಾಡಕ್ಕಾ ಎಂದರೆ ಮಾಡುತ್ತಾಳೆ. ಏನು ಎತ್ತ ಎಂದು ಕೇಳುವುದಿಲ್ಲ. ನಾನು ಕಿವಿಯಲ್ಲಿ ಹೇಳಿದ್ದನ್ನೆಲ್ಲ ಆಡಿದವಳು.

ಈ ಸಾಲನ್ನು ಬರೆದು ತುಂಬ ಹೊತ್ತು ನೋಡಿದೆ. ಯಾವ ಸಾಹುಕಾರ ಯಾವ ಹೆಬ್ಬೆಟ್ಟನ್ನು ಹೀಗಲ್ಲದೆ ಬೇರೆ ಹೇಗೆ ಒತ್ತಿಸಿಕೊಂಡ?

ಕರಡು ಹರಿದು ಒಲೆಗೆ ಹಾಕಿದೆ. ಚಹಾ ಕಾಯಿಸಿದೆ. ಒಂದಕ್ಕೆ ಟೀವಿ ಹಾಕಲಿಲ್ಲ.

ಡಿಸೆಂಬರ್ 11, ಗುರುವಾರ

ಬೆಳಿಗ್ಗೆ ಕುಬಟೂರಿಗೆ ಫೋನ್ ಮಾಡಿದೆ. ಸೊಸೆ ಎತ್ತಿ ಗುಡ್ಡಮ್ಮನಿಗೆ ಕೊಟ್ಟಳು. ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದೆ, ತಾರೀಕೂ ಬಿಡದೆ. ನಮೂನೆಯಲ್ಲಿ ಬಳಗ ಎಂದು ಬರೆದವನು ನಾನು, ಪತ್ರ ಮುಚ್ಚಿಟ್ಟವನೂ ನಾನು ಎಂದು ಹೇಳಿದೆ.

ಆ ಕಡೆ ಕೋಳಿಗಳ ಸದ್ದು.

“ಗುತ್ಯಾ, ಅಂದ್ರೆ ಆ ಸಾಲ್ನಾಗೆ ನನ್ ಹೆಸ್ರು ಇರ್ಲೇ ಇಲ್ಲ?”

“ಇರಲಿಲ್ಲ ಅಕ್ಕಾ. ಒಂದು ದಿನಾನೂ ಇರಲಿಲ್ಲ.”

“ಹಂಗಾದ್ರೆ ನಾನು ಅಕ್ಷರ ಮರ್ತಿಲ್ಲ.”

“ಮರ್ತಿಲ್ಲ.”

“ಸೊಸೆ ಮುಂದೆ ಕಣ್ಣೀರ್ ಹಾಕಿದ್ನಲ್ಲೋ ಪಾಪಿ, ಬುದ್ಧಿ ಹೋತು ನಂದು ಅಂತ.” ದನಿ ಏರಿತು. “ಯಾಕೆ ಮುಚ್ಚಿಟ್ಟಿ? ಹೇಳು. ಯಾಕೆ?”

ತಂತ್ರದ ಪ್ರಶ್ನೆ ಎಂದು ಹೇಳಲು ಬಾಯಿ ತೆರೆದೆ. “ಸಭೆ ನಿಂತೋಗುತ್ತೆ ಅಂತ” ಎಂದು ಹೊರಬಿತ್ತು. ಹಾಗೇಕೆ ಅಂದೆನೋ ತಿಳಿಯದು.

“ಊಟಕ್ಕೆ ಏನ್ ಮಾಡ್ಕಂಡಿದಿ?” ಎಂದು ಕೇಳಿದಳು. ಈ ವಿಷಯಕ್ಕೂ ಅದಕ್ಕೂ ಏನು ಸಂಬಂಧ? ಇನ್ನೂ ಏನೂ ಮಾಡಿಲ್ಲ ಅಂದೆ.

“ಮಾಡ್ಕಂಡು ತಿನ್ನು. ಬೈಯಾದು ಭಾನುವಾರಕ್ಕೆ ಇಟ್ಕಂಡಿರ್ತೀನಿ. ಎಲ್ಲರ್ ಮುಂದೆ ಬೈತೀನಿ. ಚೆನ್ನಾಗಿ ಬರೆಯೋ ಪೆನ್ನು ತಗಂಬಾ.”

ಸುಬ್ಬಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಫೋನು ಇಟ್ಟ. ಸಾವಿತ್ರಿಬಾಯಿ “ಬರ್ತೀನ್ರಿ” ಎಂದಳು. ಅಣ್ಣಾ ಅನ್ನಲಿಲ್ಲ.

ಸೂಚನಾಪತ್ರ ಬರೆದಿದ್ದೇನೆ. ಇದರ ಪ್ರತಿ ಮೂವರಿಗೂ ಇವತ್ತೇ ಮುಟ್ಟಬೇಕು.

ಹಾಜರಿರಬೇಕಾದವರು: ಗುಡ್ಡಮ್ಮ, ಸಾವಿತ್ರಿಬಾಯಿ, ಸುಬ್ಬಪ್ಪ.
ವಿಷಯ ಒಂದು: ನಮೂನೆಯನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಮೂವರ ಸಹಿ, ಅಲ್ಲಿಂದಲೇ ಅದರ ಫೋಟೋ ಅರ್ಚಿತಾಳಿಗೆ.
ವಿಷಯ ಎರಡು: ಪತ್ರವನ್ನು ಇಪ್ಪತ್ತೊಂದು ದಿನ ಮುಚ್ಚಿಟ್ಟ ಗುತ್ಯಪ್ಪನ ಮೇಲೆ ವಿಚಾರಣೆ. ಅಧ್ಯಕ್ಷತೆ ಗುಡ್ಡಮ್ಮನದು.
ಸ್ಥಳ: ಸುಬ್ಬಪ್ಪನ ಮೈಕ್‌ಸೆಟ್ ಗೋದಾಮು, ಸೊರಬ. ಅವನು ಬಾಗಿಲು ತೆರೆಯದಿದ್ದರೆ ಅದರ ಮುಂದಿನ ಕಟ್ಟೆ.
ಡಿಸೆಂಬರ್ 14, ಭಾನುವಾರ, ಬೆಳಿಗ್ಗೆ ಹತ್ತೂವರೆ.